ಶುವೈಖಿನ ಅಟ್ಟದ ಎರಡನೆಯ ಫೋನು

ನಾನು ನಿಂತಿದ್ದು ಕುವೈತಿನ ಶುವೈಖಿನಲ್ಲಿ, ಕಾರಿನ ಬಿಡಿಭಾಗ ಮಾರುವ ಒಂದು ಅಂಗಡಿಯ ಅಟ್ಟದ ಮೇಲೆ. ಮುಂದೆ ಅಂಗಡಿ, ಹಿಂದೆ ಗೋದಾಮು. ಗೋದಾಮಿನಿಂದ ಕಬ್ಬಿಣದ ಏಣಿ ಹತ್ತಿದರೆ ಹಳೆಯ ಸೈಲೆನ್ಸರುಗಳನ್ನು ಪೇರಿಸಿಟ್ಟ ಅಟ್ಟ. ಅದರ ತುದಿಯಲ್ಲಿ ಪ್ಲೈವುಡ್ ಹೊಡೆದು ಮಾಡಿದ ಕೋಣೆ. ಕೋಣೆಯಲ್ಲಿ ಒಂದು ಉದ್ದ ಮೇಜು, ಅದರ ಮೇಲೆ ಮೂರು ಫೋನು. ನಡುವಿನದು ನನ್ನದು. ದಿನ ಶುಕ್ರವಾರ, ಕ್ರಿಸ್‌ಮಸ್ ಕಳೆದ ಮೇಲಿನ ಮೊದಲನೆಯದು. ಹೊತ್ತು ಬೆಳಗ್ಗೆ ಎಂಟು ದಾಟಿತ್ತು, ಎಂಟೂವರೆ ಆಗಿರಲಿಲ್ಲ. ಜುಮಾದ ಬಾಂಗ್ ಇನ್ನೂ ಕೇಳಿರಲಿಲ್ಲ. ವರ್ಷ ಎರಡು ಸಾವಿರದ ಈಚೆ, ಅಮೆರಿಕದ ಸೈನ್ಯ ಇರಾಕಿಗೆ ನುಗ್ಗುವುದಕ್ಕೆ ಮುಂಚೆ. ಇದಕ್ಕಿಂತ ಖಚಿತವಾಗಿ ಹೇಳಲು ನನ್ನಲ್ಲಿ ಕಾಗದವಿಲ್ಲ. ಬರೆದ ಕಾಗದವನ್ನು ನಾವು ಅಂದಂದೇ ನೀರಿನ ಬಕೆಟ್ಟಿಗೆ ಹಾಕುತ್ತಿದ್ದೆವು.

ಆ ಶುಕ್ರವಾರ ನಾನು ಒಂದು ಫೋನು ಮಾಡಿದೆ. ಮಾಡಬಾರದಿತ್ತು. ಅದನ್ನು ಬರೆಯಲು ಕೂತಿದ್ದೇನೆ. ಆದರೆ ಕೆಲಸ ಹೇಗಿತ್ತೆಂದು ಮೊದಲು ಹೇಳದಿದ್ದರೆ ಒಂದು ಫೋನಿನಿಂದ ಏನಾದೀತು ಎಂದು ನೀವು ಕೇಳುತ್ತೀರಿ.

ಈಗ ನಮ್ಮ ಕಡೆಯ ಓದಿದ ಮಕ್ಕಳು ಹೊರದೇಶಗಳಲ್ಲಿ ಬೆಟ್ಟಿಂಗ್ ಆ್ಯಪುಗಳ ಗ್ರಾಹಕರ ಜೊತೆ ಮಾತಾಡುವ ನೌಕರಿಗೆ ಹೋಗುತ್ತಿದ್ದಾರಂತೆ. ಹಾಗೆ ಹೊರಟ ಒಬ್ಬರು ಮಸೀದಿಯ ಹತ್ತಿರ ಸಿಕ್ಕಿ, "ಉಮ್ಮರಾಕ, ಕೆಲಸ ಸುಲಭ. ಜನರತ್ರ ಚಂದ ಮಾತಾಡಿದ್ರೆ ಆಯ್ತಂತೆ" ಎಂದರು. ನಾನು ಹದಿಮೂರು ವರ್ಷ ಮಾಡಿದ್ದು ಅದನ್ನೇ. ಚಂದ ಮಾತಾಡುವುದು ಎಂದರೇನು ಎಂಬುದನ್ನು ಅಂಥವರಿಗಾಗಿ ಬರೆದಿಡುತ್ತೇನೆ.

ನನ್ನ ಇಕಾಮಾದಲ್ಲಿ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಇದ್ದದ್ದು ಸ್ಟೋರ್ ಕೀಪರ್ ಎಂದು. ಬೆಳಗ್ಗೆ ಆ ಕೆಲಸವನ್ನೇ ಮಾಡುತ್ತಿದ್ದೆ. ಪಂದ್ಯ ಇದ್ದ ದಿನ ಅಟ್ಟ ಹತ್ತುತ್ತಿದ್ದೆ. ಅಂಗಡಿ ನಡೆಸುತ್ತಿದ್ದವರು ಮುಲ್ಕಿ ಕಡೆಯ ದಾಮೋದರ, ಎಲ್ಲರಿಗೂ ದಾಮಣ್ಣ. ಕಫೀಲ್, ಎಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಕುವೈತಿ ಧಣಿ, ತಿಂಗಳಿಗೊಮ್ಮೆ ಬಂದು ಕೆಳಗೇ ಕೂತು ಚಾ ಕುಡಿದು ಹೋಗುತ್ತಿದ್ದರು, ಏಣಿ ಹತ್ತಿದವರಲ್ಲ. ಆ ದೇಶದ ಕಾನೂನಿನಲ್ಲಿ ನಾವು ಮಾಡುತ್ತಿದ್ದದ್ದು ಅಪರಾಧ. ಸಿಕ್ಕಿಬಿದ್ದಿದ್ದರೆ ಜೈಲು, ಆಮೇಲೆ ವಿಮಾನ. ನಾವು ಸಿಕ್ಕಿಬೀಳಲಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಅಂದೇ ಯಾರಾದರೂ ಏಣಿ ಹತ್ತಿ ಬಂದಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ.

ಮೊದಲ ದಿನ ದಾಮಣ್ಣ ಕೇಳಿದರು, "ಉಮ್ಮರ್, ನಿನಗೆ ಕ್ರಿಕೆಟ್ ಗೊತ್ತುಂಟಾ?"

"ಇಲ್ಲ ದಾಮಣ್ಣ."

"ಒಳ್ಳೇದಾಯ್ತು. ಕ್ರಿಕೆಟ್ ಗೊತ್ತಿದ್ದವರು ದುಡ್ಡು ಹಾಕ್ಲಿ. ನಮಗೆ ಜನ ಗೊತ್ತಿದ್ರೆ ಸಾಕು."

ಮಾತಾಡಿದ್ದು ತುಳುವಿನಲ್ಲಿ. ಈ ಬರಹದ ಹೆಚ್ಚಿನ ಮಾತುಗಳೆಲ್ಲ ತುಳುವಿನವೇ. ಕನ್ನಡಕ್ಕೆ ನಾನು ತಂದದ್ದು.

ಮೂರು ಫೋನುಗಳಲ್ಲಿ ಮೊದಲನೆಯದು ಬೊಂಬಾಯಿಯದು. ಅದರ ರಿಸೀವರನ್ನು ಮೇಜಿನ ಮೇಲೆ ತೆಗೆದಿಡುತ್ತಿದ್ದೆವು. ಒಬ್ಬ ಮನುಷ್ಯ ಅದರಲ್ಲಿ ಪಂದ್ಯ ಮುಗಿಯುವವರೆಗೂ ಒಂದೇ ದನಿಯಲ್ಲಿ ಭಾವ್ ಹೇಳುತ್ತಲೇ ಇರುತ್ತಿದ್ದ. ಭಾವ್ ಎಂದರೆ ಆ ಗಳಿಗೆಯಲ್ಲಿ ಯಾವ ತಂಡಕ್ಕೆ ಎಷ್ಟು ಬೆಲೆ ಎಂಬುದು. ಅವನ ಹೆಸರು ನಮಗೆ ಗೊತ್ತಿರಲಿಲ್ಲ. ಒಮ್ಮೊಮ್ಮೆ ಕೆಮ್ಮುತ್ತಿದ್ದ, ಅಷ್ಟೇ. ಎರಡನೆಯದು ನನ್ನದು, ಮೂರನೆಯದು ಕಣ್ಣೂರಿನ ಥಾಮಸ್‌ದು. ಈ ಎರಡಕ್ಕೆ ಗ್ರಾಹಕರು ಕರೆ ಮಾಡುತ್ತಿದ್ದರು. ಪಕ್ಕದಲ್ಲಿ ಕರೆಯುವವರ ನಂಬರ್ ತೋರಿಸುವ ಪುಟ್ಟ ಪೆಟ್ಟಿಗೆ ಇತ್ತು. ನಮ್ಮ ವಿದ್ಯೆಯೆಲ್ಲ ಆ ಪೆಟ್ಟಿಗೆಯಲ್ಲಿ.

ಡಿಶ್ ಟಿವಿಯಲ್ಲಿ ಚೆಂಡು ಬೀಳುವುದಕ್ಕಿಂತ ಏಳೆಂಟು ಸೆಕೆಂಡು ಮೊದಲು ಅದು ಬೊಂಬಾಯಿಯ ದನಿಯಲ್ಲಿ ಬಿದ್ದಾಗಿರುತ್ತಿತ್ತು. ವಿಕೆಟ್ ಹೋಯಿತೆಂದು ನಮಗೆ ಗೊತ್ತು. ಸಾಲ್ಮಿಯಾದ ರೂಮಿನಲ್ಲಿ ಟಿವಿ ನೋಡುತ್ತಿದ್ದವನಿಗೆ ಗೊತ್ತಿಲ್ಲ. ಆ ಏಳೆಂಟು ಸೆಕೆಂಡಿನಲ್ಲಿ ಯಾರ ಫೋನು ತೆಗೆಯಬೇಕು, ಯಾರದ್ದನ್ನು ಬಡಿಯಲು ಬಿಡಬೇಕು ಎಂಬುದೇ ನನ್ನ ಕೆಲಸ. ಸೋಲುವವರದ್ದನ್ನು ಮೊದಲ ಬಡಿತಕ್ಕೇ ತೆಗೆಯಬೇಕು. ಗೆಲ್ಲುವವರದ್ದನ್ನು ಭಾವ್ ಬದಲಾದ ಮೇಲೆ.

ಗೆದ್ದ ಹಣವನ್ನು ದಾಮಣ್ಣ ಯಾರಿಗೂ ಬಾಕಿ ಇಟ್ಟವರಲ್ಲ. ಮರುದಿನವೇ ತಲುಪುತ್ತಿತ್ತು. "ಗೆದ್ದವನಿಗೆ ದುಡ್ಡು ಕೊಡು, ಫೋನು ಕೊಡಬೇಡ" ಎನ್ನುತ್ತಿದ್ದರು. ಮಕ್ಬೂಲ್ ಭಾಯಿ ಎಂಬ ಹೈದರಾಬಾದಿನ ಡ್ರಾಫ್ಟ್ಸ್‌ಮನ್ ಒಬ್ಬರಿದ್ದರು. ಅವಸರವಿಲ್ಲದ ಮನುಷ್ಯ. ತಿಂಗಳಿಗೆ ಎರಡೋ ಮೂರೋ ಸಲ ಆಡುವುದು, ಹೆಚ್ಚಿನ ಸಲ ಗೆಲ್ಲುವುದು. ಅವರ ನಂಬರಿನ ಮುಂದೆ ದಾಮಣ್ಣ ಒಂದು ಚುಕ್ಕೆ ಇಡಿಸಿದರು. ಅಂದಿನಿಂದ ಅವರಿಗೆ ಲೈನು ಸಿಗುವುದಿಲ್ಲ, ಸಿಕ್ಕರೆ ಕಟ್ಟಾಗುತ್ತದೆ, ಕಟ್ಟಾಗದಿದ್ದರೆ "ಇವತ್ತು ಸಣ್ಣದು ಮಾತ್ರ ತಗೊಳ್ತೇವೆ ಭಾಯಿ." ಒಂದು ದಿನ ಅವರು ಉರ್ದುವಿನಲ್ಲಿ ನನ್ನನ್ನು ಕೇಳಿದರು, "ಉಮ್ಮರ್ ಭಾಯಿ, ಎಷ್ಟು ಸಲ ಸೋತರೆ ನಿಮ್ಮ ಫೋನು ಸರಿಯಾಗುತ್ತೆ? ಹೇಳಿಬಿಡಿ, ಅಷ್ಟು ಸೋತು ಬರ್ತೀನಿ."

ಥಾಮಸ್ ನಕ್ಕು ನಕ್ಕು ಮೇಜಿಗೆ ತಲೆಯಿಟ್ಟ. ನಾನೂ ನಕ್ಕೆ. ಮಕ್ಬೂಲ್ ಭಾಯಿ ಮತ್ತೆ ಕರೆ ಮಾಡಲಿಲ್ಲ. ಅವರೊಬ್ಬರು ಪಾರಾದರು ಎಂದು ಈಗ ಅನಿಸುತ್ತದೆ. ಅವರಿಗೆ ಅಗೌರವ ತೋರಿಸಿದ್ದೇ ನಾವು ಮಾಡಿದ ಉಪಕಾರ.

ಗೌರವ ಇದ್ದದ್ದು ಸೋಲುವವರಿಗೆ. ಪ್ಲೈವುಡ್ ಗೋಡೆಯ ಮೇಲೆ ಒಂದು ಪಟ್ಟಿ ಇತ್ತು. ನಂಬರು, ಅದರ ಪಕ್ಕದಲ್ಲಿ ಊರು, ಹೆಂಡತಿಯ ಹೆಸರು, ಮಕ್ಕಳ ಪರೀಕ್ಷೆ, ತಾಯಿಯ ಕಾಯಿಲೆ. ದೊಡ್ಡದು ಸೋತವನಿಗೆ ಮರುದಿನ ನಾನೇ ಕರೆ ಮಾಡಬೇಕು. ಪಂದ್ಯದ ಮಾತು ಎತ್ತಬಾರದು. "ಅಮ್ಮನ ಶುಗರ್ ಹೇಗುಂಟು?" ಎಂದು ಕೇಳಬೇಕು. ಹಬ್ಬಕ್ಕೆ ಬಿರಿಯಾನಿ, ಸಿಹಿ, ಕೇಕು. ಊರಿಗೆ ಹೊರಟವರಿಗೆ ಒಂದು ಡಬ್ಬಿ ಹಾಲಿನ ಪುಡಿ. ಯಾರೂ ಇಲ್ಲದ ದೇಶದಲ್ಲಿ ತಾಯಿಯ ಶುಗರ್ ಕೇಳುವವನೊಬ್ಬ ಇದ್ದರೆ ಮನುಷ್ಯ ಅವನನ್ನು ಬಿಟ್ಟು ಎಲ್ಲಿ ಹೋಗುತ್ತಾನೆ?

ಒಮ್ಮೆ ನಾನು ತಪ್ಪಿದೆ. ವಿಕೆಟ್ ಬಿದ್ದಾಗಿತ್ತು, ಟಿವಿಗೆ ಬಂದಿರಲಿಲ್ಲ. ಒಬ್ಬ ಡ್ರೈವರ್ ದೊಡ್ಡ ಮೊತ್ತ ಹೇಳುತ್ತಿದ್ದ. ಅವನ ಪತ್ನಿಗೆ ಹೆರಿಗೆಯ ದಿನ ಹತ್ತಿರ ಎಂದು ಗೋಡೆಯ ಮೇಲೆ ನಾನೇ ಬರೆದಿದ್ದೆ. "ತಡಿ, ಈಗ ಬೇಡ" ಎಂದುಬಿಟ್ಟೆ. ಹಿಂದೆ ದಾಮಣ್ಣ ನಿಂತಿದ್ದರು. ಬೈಗುಳಕ್ಕಾಗಿ ಕಾದೆ. ಅವರು ಬೈಯಲಿಲ್ಲ. ಸಂಜೆ ಕೆಳಗೆ ಕರೆದು ಕುರ್ಚಿ ಎಳೆದು ಕೂರಿಸಿದರು, ಚಾ ತರಿಸಿದರು. "ಉಮ್ಮರ್, ತಾಯಿಯ ಕಣ್ಣಿನ ಆಪರೇಶನ್ ಏನಾಯ್ತು? ನೀನು ಹೇಳ್ಲೇ ಇಲ್ಲ ಮಾರಾಯ" ಎಂದರು. ಅದು ನಾನು ದಿನವೂ ಉಪಯೋಗಿಸುತ್ತಿದ್ದ ದನಿ. ಎಲ್ಲೋ ಒಂದು ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಎಂದು ಅಂದು ಗೊತ್ತಾಯಿತು. ಗೊತ್ತಾಗಿಯೂ ಮನಸ್ಸು ಹಗುರಾಯಿತು. ಇದನ್ನು ಗಮನವಿಟ್ಟು ಓದಿ: ಗೊತ್ತಿದ್ದರೂ ಅದು ಕೆಲಸ ಮಾಡುತ್ತದೆ.

ನಾನು ಫರ್ವಾನಿಯಾದ ಒಂದು ರೂಮಿನಲ್ಲಿ ಐವರ ಜೊತೆ ಇದ್ದೆ. ಪಾಳಿ ಬೇರೆ ಬೇರೆ. ಒಬ್ಬ ಏಳುವಾಗ ಒಬ್ಬ ಮಲಗುವುದು. ವಾರಗಟ್ಟಲೆ ಅಲ್ಲಿ ನನ್ನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಹೆಸರು ಇದ್ದದ್ದು ಎರಡನೆಯ ಫೋನಿನಲ್ಲಿ. ಅದರಲ್ಲಿ ಹೆಚ್ಚು ಸಲ ಹೆಸರು ಹಿಡಿದು ಕರೆದವರು ವಿಕ್ಟರ್. ಹೆಸರೆಂದರೆ ಹೆಸರೂ ಅಲ್ಲ. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ, ಮುಸ್ಲಿಮರಾದ ನಮ್ಮನ್ನು ಬ್ಯಾರಿಗಳು ಎನ್ನುತ್ತಾರೆ. ನಾನು "ಪೊರ್ಬುಗಳೇ" ಎನ್ನುತ್ತಿದ್ದೆ, ಅವರು "ಬ್ಯಾರಿಗಳೇ" ಎನ್ನುತ್ತಿದ್ದರು. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಶಿಯನ್. ನನ್ನಂತೆಯೇ ಒಂಟಿ; ಹೆಂಡತಿ ಐರಿನ್, ಮಗಳು ಊರಿನಲ್ಲಿ. ಪಂದ್ಯ ಇಲ್ಲದ ದಿನವೂ ಕರೆ ಮಾಡುತ್ತಿದ್ದರು.

"ಇಲ್ಲಿಯ ಮೀನು ಸಾಕಾಯ್ತು ಬ್ಯಾರಿಗಳೇ. ಒಂದು ಒಳ್ಳೆಯ ಬಂಗುಡೆ ಸಿಕ್ಕಿದ್ರೆ ಇಗರ್ಜಿಯಲ್ಲಿ ಮೋಂಬತ್ತಿ ಹಚ್ತೇನೆ."

"ನನ್ನ ಲೆಕ್ಕದಲ್ಲೂ ಒಂದು ಹಚ್ಚಿ ಪೊರ್ಬುಗಳೇ."

"ನಿಮ್ಮದು ನೀವೇ ಕೇಳಿ, ಅಲ್ಲಿ ಲೈನು ಬೇರೆ."

ಪಂದ್ಯ ಇದ್ದ ದಿನ ಅವರು ಸೋಲುತ್ತಿದ್ದರು. ಗೋಡೆಯ ಪಟ್ಟಿಯಲ್ಲಿ ಅವರ ಸಾಲು ಎಲ್ಲಕ್ಕಿಂತ ಉದ್ದ.

ಒಂದು ಮಧ್ಯಾಹ್ನ ಅವರು ಅಂಗಡಿಗೇ ಬಂದರು. ಅದಕ್ಕೆ ಮೊದಲು ನಾನು ಅವರ ಮುಖ ನೋಡಿರಲಿಲ್ಲ. ದನಿಯಿಂದ ಗುರುತು ಹಿಡಿದೆ. ಸಣಕಲು ಮನುಷ್ಯ, ಮಡಿಸಿದ ತೋಳಿನ ಬಿಳಿ ಅಂಗಿ.

"ಒಂದು ವೈಪರ್ ಬೇಕಿತ್ತು."

"ನಿಮಗೆ ಕಾರೇ ಇಲ್ಲವಲ್ಲ ಪೊರ್ಬುಗಳೇ."

"ವೈಪರಿನಿಂದ ಸುರು ಮಾಡುವ."

ನಕ್ಕೆವು. ಆಮೇಲೆ ಗೋದಾಮಿನ ಹಿಂದೆ ಟಯರುಗಳ ಹತ್ತಿರ ನಿಂತು ಹೇಳಿದರು: ಫ್ಯಾಮಿಲಿ ವೀಸಾ ಸಿಕ್ಕಿದೆ, ಐರಿನ್ ಮತ್ತು ಮಗಳು ಬರುತ್ತಾರೆ, ಅಬ್ಬಾಸಿಯಾದಲ್ಲಿ ಎರಡು ಕೋಣೆಯ ಫ್ಲ್ಯಾಟು ಹಿಡಿದಾಗಿದೆ, ಶಾಲೆಯಲ್ಲಿ ಸೀಟು ಆಗಿದೆ. "ಇನ್ನು ಒಂದು ಸಲ ಮುಟ್ಟಿದ್ರೂ ನನಗೆ ನಿಲ್ಸಲಿಕ್ಕೆ ಆಗುವುದಿಲ್ಲ. ಅವರನ್ನು ವಾಪಸ್ ಕಳಿಸಬೇಕಾಗ್ತದೆ. ಅದಕ್ಕೆ ಒಂದು ಉಪಕಾರ ಬೇಕು. ನಾನು ಫೋನ್ ಮಾಡಿದ್ರೆ ತೆಗೀಬೇಡಿ. ನೀವಂತೂ ಮಾಡ್ಲೇಬೇಡಿ."

"ಸುಮ್ಮನೆ ಮಾತಾಡ್ಲಿಕ್ಕೂ ಬೇಡ್ವಾ?"

"ಬ್ಯಾರಿಗಳೇ, ನಾನು ಪ್ರತಿ ಸಲ ಮಾಡಿದ್ದು ಸುಮ್ಮನೆ ಮಾತಾಡ್ಲಿಕ್ಕೆ ಅಂತಲೇ."

ಆಯಿತು ಎಂದೆ. ಕೈ ಕೊಟ್ಟೆ. ಅವರು ವೈಪರಿನ ದುಡ್ಡು ಕೊಡಲು ಹೋದರು, ನಾನು ತೆಗೆದುಕೊಳ್ಳಲಿಲ್ಲ. ಕಾರಿಲ್ಲದ ಆ ಮನುಷ್ಯ ವೈಪರನ್ನು ಕಂಕುಳಲ್ಲಿಟ್ಟು ಬಸ್ಸಿನ ಕಡೆಗೆ ಹೋದರು.

ಮಾತು ಉಳಿಸಿಕೊಂಡೆ, ಹತ್ತು ತಿಂಗಳು. ಅವರ ನಂಬರು ಪೆಟ್ಟಿಗೆಯಲ್ಲಿ ಎರಡು ಸಲ ಮೂಡಿತು. ಎರಡು ಸಲವೂ ಬಡಿದು ನಿಲ್ಲುವವರೆಗೆ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತೆ. ಆಮೇಲೆ ಅವರು ಮೊಬೈಲ್ ನಂಬರೇ ಬದಲಿಸಿದರೆಂದು ಕಾಣುತ್ತದೆ. ಅವರು ಕ್ಷೇಮ ಎಂದುಕೊಂಡೆ. ನನ್ನ ಸಂಜೆಗಳು ಮಾತ್ರ ಉದ್ದವಾದವು.

ದಾಮಣ್ಣ ಯಾರನ್ನೂ ಮರೆಯುವವರಲ್ಲ. ಡಿಸೆಂಬರಿನಲ್ಲಿ ಕೇಕುಗಳ ಪಟ್ಟಿ ಮಾಡುವಾಗ ವಿಕ್ಟರ್ ಹೆಸರನ್ನೂ ಸೇರಿಸಿದರು. ಮನೆ ಗೊತ್ತಿಲ್ಲದಿದ್ದರೇನು, ಆಸ್ಪತ್ರೆ ಗೊತ್ತಿತ್ತು. ಕೇಕಿನ ಪೆಟ್ಟಿಗೆಗೆ ಅಂಗಡಿಯ ಕಾರ್ಡು ಅಂಟಿಸಿ ಲ್ಯಾಬಿಗೆ ಕಳಿಸಿದರು. ಕಾರ್ಡಿನ ಹಿಂದೆ 'ಉಮ್ಮರ್' ಎಂದು ಬರೆಸಿದ್ದರು. ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೇ? ಎನ್ನುತ್ತಿದ್ದೆ ಎಂದು ಬರೆಯಲು ಧೈರ್ಯ ಬರುವುದಿಲ್ಲ.

ಕೇಕು ಹೋದ ಮೂರನೆಯ ದಿನ ಅಂಗಡಿಗೆ ಒಂದು ಸ್ಟೀಲ್ ತಟ್ಟೆ ಬಂತು. ಆಸ್ಪತ್ರೆಯ ಒಬ್ಬ ಡ್ರೈವರ್ ತಂದುಕೊಟ್ಟ. ಮೇಲೆ ಕ್ರೋಶಾದ ಬಟ್ಟೆ, ಒಳಗೆ ನೆವ್ರಿ, ಕಿಡ್ಯೊ, ಗುಳಿಯೊ, ರೋಸ್ ಕುಕ್ಕಿ. ನಮ್ಮ ಕಡೆಯ ಕ್ರೈಸ್ತರು ಕ್ರಿಸ್‌ಮಸ್‌ಗೆ ನೆರೆಹೊರೆಗೆ ಹಂಚುವ ತಿಂಡಿ, ಕುಸ್ವಾರ್ ಅದು. ಊರಿನಲ್ಲಿ ನಮ್ಮ ಮನೆಗೂ ಬರುತ್ತಿತ್ತು. ಕುವೈತಿನಲ್ಲಿ ನನ್ನ ಹೆಸರಿಗೆ ಯಾರೂ ತಟ್ಟೆ ಕಳಿಸಿರಲಿಲ್ಲ. ಜೊತೆಗೆ ಚೀಟಿ: 'ಉಮ್ಮರ್ ಬ್ಯಾರಿಗಳಿಗೆ. ಕೇಕು ತುಂಬಾ ಒಳ್ಳೆಯದಿತ್ತು. ಒಮ್ಮೆ ಮನೆಗೆ ಬನ್ನಿ. ಐರಿನ್.' ಕೆಳಗೆ ಮನೆಯ ಫೋನ್ ನಂಬರು. ಆಕೆಗೆ ಏನೂ ಗೊತ್ತಿರಲಿಲ್ಲ. ಕೊಟ್ಟವರಿಗೆ ತಿರುಗಿ ಕೊಡಬೇಕು ಎಂಬ ರೀತಿ ಗೊತ್ತಿತ್ತು, ಅಷ್ಟೇ.

ಆ ಶುಕ್ರವಾರಕ್ಕೆ ಬಂದೆ.

ಆಸ್ಟ್ರೇಲಿಯದಲ್ಲಿ ಪಂದ್ಯ ನಡೆಯುತ್ತಿತ್ತು. ಬೊಂಬಾಯಿಯ ಫೋನಿನ ರಿಸೀವರ್ ತೆಗೆದಿಟ್ಟಿತ್ತು. ಥಾಮಸ್ ಒಂದು ನೆವ್ರಿ ಬಾಯಿಗೆ ಹಾಕಿಕೊಂಡಿದ್ದ. ದಾಮಣ್ಣ ಕೈಯಲ್ಲಿ ಚಾದ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದರು.

"ತಟ್ಟೆ ಬಂದದ್ದಕ್ಕೆ ಫೋನ್ ಮಾಡಿದೆಯಾ?"

"ಇಲ್ಲ."

"ಎಂತ ಮನುಷ್ಯ ಮಾರಾಯ ನೀನು! ಒಬ್ಬಳು ಹೆಂಗಸು ನಾಲ್ಕು ದಿನ ಎಣ್ಣೆ ಎದುರು ನಿಂತು ಮಾಡಿ ಕಳಿಸಿದ್ದಾಳೆ. ಸಿಕ್ಕಿತು ಅಂತ ಹೇಳದಿದ್ರೆ ಮರ್ಯಾದೆಯಾ? ಬ್ಯಾರಿಗಳಿಗೆ ರೀತಿ ಇಲ್ಲ ಅಂತ ಹೇಳುವುದಿಲ್ವಾ?"

ಅವರು ಹೇಳಿದ್ದು ಸರಿಯಾಗಿತ್ತು. ಅದೇ ಕಷ್ಟ. ಅವರು ಮಾಡು ಎಂದು ಆಜ್ಞೆ ಮಾಡಿದ್ದರೆ ನಾನು ಮಾಡುತ್ತಿರಲಿಲ್ಲವೇನೋ. ಎರಡು ದಿನದಿಂದ ನನಗೂ ಅದೇ ಅನಿಸುತ್ತಿತ್ತು: ಥ್ಯಾಂಕ್ಸ್ ಹೇಳುವುದು ನಾನು ಕೊಟ್ಟ ಮಾತಿನಲ್ಲಿ ಸೇರುವುದಿಲ್ಲ, ಹೇಳಿ ಇಟ್ಟುಬಿಟ್ಟರೆ ಆಯಿತು. ಚೀಟಿ ನೋಡಿ ನಂಬರು ಒತ್ತಿದೆ. ಬೇರೆ ಯಾವ ಫೋನಿನಿಂದಲಾದರೂ, ಬೇರೆ ಯಾವ ದಿನವಾದರೂ ಮಾಡಬಹುದಿತ್ತು. ಹೊಳೆಯಲಿಲ್ಲ.

ತೆಗೆದದ್ದು ಮಗು. "ಹಲೋ, ಹೂ ಈಸ್ ದಿಸ್?"

"ನಾನು ಉಮ್ಮರ್ ಅಂಕಲ್. ಅಮ್ಮ ಇದ್ದಾರಾ ಮಗಾ?"

"ಮಮ್ಮಿ ಈಸ್ ಬೇದಿಂಗ್. ಪಪ್ಪಾ ಈಸ್ ಶೇವಿಂಗ್. ವಿ ಆರ್ ಗೋಯಿಂಗ್ ಟು ಚರ್ಚ್." ಆಮೇಲೆ ದೂರಕ್ಕೆ ಕೂಗಿತು, "ಪಪ್ಪಾ, ಉಮ್ಮರ್ ಅಂಕಲ್!"

ಕುವೈತಿನಲ್ಲಿ ಶುಕ್ರವಾರ ರಜೆ, ಚರ್ಚಿನ ಬಲಿಪೂಜೆಯೂ ಅಂದೇ. ಆಗಲೇ ಇಡಬಹುದಿತ್ತು. ಇಡಲಿಲ್ಲ.

"ಬ್ಯಾರಿಗಳೇ" ಎಂದರು ವಿಕ್ಟರ್. ಹತ್ತು ತಿಂಗಳ ಮೇಲೆ.

"ತಟ್ಟೆ ಸಿಕ್ಕಿತು ಪೊರ್ಬುಗಳೇ. ತುಂಬಾ ಒಳ್ಳೆಯದಿತ್ತು. ಅದನ್ನು ಹೇಳ್ಲಿಕ್ಕೆ ಮಾಡಿದೆ."

"ಐರಿನ್ ಕಳಿಸಿದ್ದು. ಕಳಿಸಿದ ಮೇಲೆ ನನಗೆ ಗೊತ್ತಾದದ್ದು."

"ಹೌದಾ."

ಇಬ್ಬರಿಗೂ ಮಾತು ಮುಗಿಯಿತು. ನಾನೂ ಇಡಲಿಲ್ಲ, ಅವರೂ ಇಡಲಿಲ್ಲ. ಆ ಮೌನದಲ್ಲಿ ಮೇಜಿನ ಮೇಲಿನ ಬೊಂಬಾಯಿಯ ದನಿ ಭಾವ್ ಹೇಳುತ್ತಿತ್ತು. ಅದು ನನ್ನ ರಿಸೀವರಿನ ಒಳಗೂ ಹೋಗುತ್ತಿದೆ ಎಂಬುದು ನನಗೆ ತಿಳಿದದ್ದು ಅವರು ಉಸಿರು ಎಳೆದುಕೊಂಡಾಗ.

"ಎಷ್ಟು ನಡೀತಾ ಉಂಟು ಬ್ಯಾರಿಗಳೇ?"

ಥಾಮಸ್ ಅಗಿಯುವುದನ್ನು ನಿಲ್ಲಿಸಿದ. ದಾಮಣ್ಣ ಚಾದ ಲೋಟವನ್ನು ನೋಡುತ್ತಿದ್ದರು, ನನ್ನನ್ನಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಚರ್ಚಿಗೆ ಹೋಗಿ ಎನ್ನಬಹುದಿತ್ತು. ನಾನು ಭಾವ್ ಹೇಳಿದೆ.

ಅಂದು ಅವರು ಗೆದ್ದರು. "ಗೆಲ್ಲಲಿ" ಎಂದರು ದಾಮಣ್ಣ. "ತಿರುಗಿ ಬಂದವನು ಮೊದಲ ದಿನ ಸೋಲಬಾರದು." ಮುಂದಿನ ಪಂದ್ಯಕ್ಕೆ ಅವರ ಹೊಸ ನಂಬರು ಪೆಟ್ಟಿಗೆಯಲ್ಲಿ ಮೂಡಿತು. ಮೊದಲ ಬಡಿತಕ್ಕೇ ತೆಗೆದೆ. ಗೋಡೆಯ ಪಟ್ಟಿಯಲ್ಲಿ ಅವರ ಸಾಲಿಗೆ ಶಾಲೆಯ ಹೆಸರು ಸೇರಿತು.

ತಟ್ಟೆ ನನ್ನಲ್ಲೇ ಉಳಿದಿತ್ತು. ಬಂದ ತಟ್ಟೆಯನ್ನು ಬರಿದಾಗಿ ತಿರುಗಿಸಬಾರದು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಅದೊಂದು ನೆಪ ಮಾಡಿಕೊಂಡು ತಿಂಗಳುಗಳನ್ನು ತಳ್ಳಿದೆ. ಶಾಲೆಗೆ ಬೇಸಿಗೆ ರಜೆ ಬಿದ್ದ ಮೇಲೆ, ಜೂನಿನ ಒಂದು ಬೆಳಗ್ಗೆ, ತಟ್ಟೆಗೆ ಖರ್ಜೂರ ತುಂಬಿ, ತೊಳೆದಿಟ್ಟ ಕ್ರೋಶಾದ ಬಟ್ಟೆ ಮುಚ್ಚಿ ಅಬ್ಬಾಸಿಯಾಕ್ಕೆ ಹೋದೆ. ಮೂರನೆಯ ಮಾಳಿಗೆ. ಬಾಗಿಲು ತೆರೆದೇ ಇತ್ತು.

ಒಳಗೆ ಸೋಫಾ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿತ್ತು. ಐದು ರಟ್ಟಿನ ಪೆಟ್ಟಿಗೆ. ವಿಕ್ಟರ್ ಮೊಣಕಾಲೂರಿ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದರು. ಮಗು ಸೂಟ್‌ಕೇಸಿನ ಮೇಲೆ ಕೂತಿತ್ತು. ಅಡುಗೆಮನೆಯಿಂದ ಬಂದ ಹೆಂಗಸು ಮೊದಲು ನೋಡಿದ್ದು ತಟ್ಟೆಯನ್ನು.

"ಉಮ್ಮರ್ ಬ್ಯಾರಿಗಳಲ್ವಾ? ತಟ್ಟೆ ಕೊಡ್ಲಿಕ್ಕೆ ಇಷ್ಟು ದೂರ ಬಂದ್ರಾ?" ಐರಿನ್ ಕೈ ಒರೆಸಿಕೊಂಡು ತಟ್ಟೆ ತೆಗೆದುಕೊಂಡರು. "ಕೂತುಕೊಳ್ಳಿ ಅನ್ಲಿಕ್ಕೆ ಕುರ್ಚಿ ಇಲ್ಲ ನೋಡಿ. ನಾನು, ಮಗಳು ಇವತ್ತು ಹೊರಟೆವು. ಇಲ್ಲಿ ಪೂರೈಸುವುದಿಲ್ಲ. ಇವರಿಗೆ ಯಾರದ್ದೋ ರೂಮಿನಲ್ಲಿ ಒಂದು ಬೆಡ್ ಸ್ಪೇಸ್ ಸಿಕ್ಕಿದೆ."

"ಹೌದಾ ಬಾಯಮ್ಮ" ಎಂದೆ. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು.

"ಇವರು ಎಂತದ್ದೂ ಹೇಳುವುದಿಲ್ಲ, ಬ್ಯಾರಿಗಳೇ. ದುಡ್ಡು ಎಲ್ಲಿ ಹೋಯ್ತು ಅಂತ ಕೇಳಿದ್ರೆ ಗೋಡೆ ನೋಡ್ತಾರೆ. ಇವರಿಗೆ ಈ ಊರಲ್ಲಿ ಸ್ನೇಹಿತರು ಅಂತ ಇರುವುದು ನೀವೊಬ್ಬರು. ನಿಮ್ಮ ಫೋನ್ ಬಂದ ದಿನ ಮಾತ್ರ ಸ್ವಲ್ಪ ನಗ್ತಾರೆ." ಅವರು ದನಿ ತಗ್ಗಿಸಲಿಲ್ಲ, ವಿಕ್ಟರ್‌ಗೆ ಕೇಳಲೆಂದೇ ಹೇಳಿದರು. "ಒಂದು ಉಪಕಾರ ಮಾಡಿ. ನಾನು ಹೋದ ಮೇಲೆ ಇವರಿಗೆ ದಿನಕ್ಕೊಮ್ಮೆ ಫೋನ್ ಮಾಡಿ."

ಟೇಪಿನ ಸದ್ದು ನಿಂತಿತು. ವಿಕ್ಟರ್ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಟಯರುಗಳ ಹತ್ತಿರ ನಿಂತು ಕೇಳಿದ ದಿನ ಹೇಗೆ ನೋಡಿದ್ದರೋ ಹಾಗೆಯೇ ನೋಡಿದರು. ನಾನು ಐರಿನ್‌ಗೆ ಆಯಿತು ಎಂದೆ. ಅದೇ ಒಂದು ಮಾತನ್ನು ಗಂಡನಿಗೂ ಹೆಂಡತಿಗೂ ಕೊಟ್ಟಿದ್ದೇನೆ.

ಅಂದೇ ಆ ಕೆಲಸ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ, ಇನ್ನೂ ನಾಲ್ಕು ವರ್ಷ ಇದ್ದೆ. ವಿಕ್ಟರ್ ನಂಬರನ್ನು ಮೂರನೆಯ ಫೋನಿಗೆ ಹಾಕಲು ದಾಮಣ್ಣನನ್ನು ಬೇಡಿಕೊಂಡೆ, ಅವರು ಒಪ್ಪಿದರು. ಆಮೇಲೆ ಪಕ್ಕದಲ್ಲಿ ಥಾಮಸ್, "ಎಂತ ವಿಕ್ಟರ್ ಸಾರ್, ಊಟ ಆಯ್ತಾ?" ಎಂದು ಕೇಳುವುದನ್ನು ಕೇಳುತ್ತಾ ಕೂತಿರುತ್ತಿದ್ದೆ. ಮುಂದೆ ಮೊಬೈಲ್ ಮೆಸೇಜು ಬಂತು, ಕಂಪ್ಯೂಟರ್ ಬಂತು, ಅಟ್ಟದ ಫೋನುಗಳು ಒಂದೊಂದಾಗಿ ಸುಮ್ಮನಾದವು. ಈಗ ಗೆಲ್ಲುವವರನ್ನು ಕಾಯಿಸುವುದನ್ನೂ ಸೋಲುವವರ ಹುಟ್ಟುಹಬ್ಬ ನೆನಪಿಡುವುದನ್ನೂ ಯಂತ್ರವೇ ಮಾಡುತ್ತದಂತೆ. ಆಟ ಬಿಟ್ಟು ಸುಮ್ಮನಾದ ಗ್ರಾಹಕನಿಗೆ ಫೋನು ಮಾಡುವುದಕ್ಕೆ ಮಾತ್ರ ಇನ್ನೂ ಮನುಷ್ಯರು ಬೇಕಂತೆ. ಆ ನೌಕರಿಗೇ ನಿಮ್ಮನ್ನು ಕರೆಯುವುದು.

ಕಳೆದ ಡಿಸೆಂಬರಿನಲ್ಲಿ ನನ್ನ ಮೊಬೈಲಿನಲ್ಲಿ ವಿಕ್ಟರ್ ಹೆಸರು ಮೂಡಿತು. ಥಾಮಸ್‌ನಿಂದ ನಂಬರು ಪಡೆದಿರಬೇಕು. ನನಗೆ ಅವರದ್ದನ್ನು ಕೊಟ್ಟವನೂ ಅವನೇ. ಮಾತಾಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಡಿದು ನಿಲ್ಲುವವರೆಗೆ ಕೈ ಕಟ್ಟಿಕೊಂಡು ಕೂತೆ. ಅದು ಸರಿಯೋ ತಪ್ಪೋ ತಿಳಿಯದು. ಅವರು ಕೇಳಿಕೊಂಡದ್ದು ಅದನ್ನು.

ಆ ಶುಕ್ರವಾರ ಅಟ್ಟದಲ್ಲಿದ್ದವರು ಮೂವರು. ದಾಮಣ್ಣ ತೀರಿಕೊಂಡು ಆರು ವರ್ಷವಾಯಿತು. ಥಾಮಸ್ ಇದ್ದಾನೆ, ಕಣ್ಣೂರಿನಲ್ಲಿ. ನಾನು ಭಾವ್ ಹೇಳಿದ್ದನ್ನು ಅವನು ಕೇಳಿದ್ದಾನೆ. ನಾನಿದ್ದೇನೆ. ಜೂನಿನ ಆ ಬೆಳಗ್ಗೆ ಅಬ್ಬಾಸಿಯಾದ ಮನೆಯಲ್ಲಿದ್ದ ಐರಿನ್ ಬಾಯಮ್ಮ ಇದ್ದಾರೆ, ಶಿರ್ವದ ತಮ್ಮ ತಾಯಿಯ ಮನೆಯಲ್ಲಿ. ಫೋನು ತೆಗೆದ ಆ ಮಗು ಈಗ ದೊಡ್ಡವಳು, ಅವಳೂ ಇದ್ದಾಳೆ. ಇದು ಹೀಗೆಯೇ ನಡೆಯಿತೇ ಎಂದು ಯಾರಿಗಾದರೂ ಸಂಶಯವಿದ್ದರೆ ಇವರನ್ನೆಲ್ಲ ಕೇಳಬಹುದು. ವಿಕ್ಟರ್ ಪೊರ್ಬುಗಳೂ ಇದ್ದಾರೆ. ಅವರಿಗೆ ಮಾತ್ರ ಯಾರೂ ಫೋನು ಮಾಡಬೇಡಿ.